ಮೂಗಿನ ಕಸುಬಿಗೆ ಸಹಾಯಧನ ಬಂದ ಶ್ರಾವಣ

ಮೊನ್ನೆ ಶುಕ್ರವಾರ ಸಕಲೇಶಪುರದ ಬಸ್ ಸ್ಟ್ಯಾಂಡಿನ ಎದುರು ಹೂವು ಮಾರುವ ಲಕ್ಷ್ಮಮ್ಮನ ಹತ್ತಿರ ಒಂದು ಮೊಳ ಮಲ್ಲಿಗೆ ಕೇಳಿದೆ. ಅವಳು ಕಟ್ಟುತ್ತಿದ್ದ ದಾರ ಹಾಗೇ ಬಿಟ್ಟು ನನ್ನ ಮುಖ ನೋಡಿದಳು.

"ಮಲ್ಲಿಗೆನಾ? ನಿಮ್ಮನೆಗೆ ಯಾವಾಗ್ಲೂ ಕನಕಾಂಬರ ಅಲ್ವೇನಕ್ಕ? ನಿಮ್ಮತ್ತೆ ಮಲ್ಲಿಗೆ ತಗೊಳ್ಳೋದೇ ಇಲ್ಲ."

"ಯಾಕಂತೆ?" ಅಂದೆ, ಸುಮ್ಮನೆ ಮಾತಿಗೆ.

ಅವಳು ಯಾಕೆ ಅಂತ ಹೇಳಿದಳು. ಹೇಳಿ ಮತ್ತೆ ದಾರ ಎತ್ತಿಕೊಂಡಳು, ಅವಳಿಗೆ ಅದೇನು ದೊಡ್ಡ ವಿಷಯವಲ್ಲ. ನನಗೆ ಮಾತ್ರ ಕೈಯಲ್ಲಿದ್ದ ಚೀಲ ಅಲ್ಲೇ ಕೆಳಗಿಡಬೇಕು ಅನ್ನಿಸಿಬಿಟ್ಟಿತು. ಅವಳು ಹೇಳಿದ್ದು ಏನು ಅನ್ನುವುದು ತಿಳಿಯಬೇಕಾದರೆ ಒಂದು ಶ್ರಾವಣದ ಸಂಗತಿ ಮೊದಲು ಹೇಳಬೇಕು. ನಮ್ಮೂರು ಆನೇಮಹಲ್‌ನ ಬಸ್ಸಿನಲ್ಲಿ ಮಡಿಲಲ್ಲಿ ಮಲ್ಲಿಗೆ ಇಟ್ಟುಕೊಂಡು ಕೂತಾಗ, ಒದ್ದೆ ಕೊಡೆಗಳ ವಾಸನೆ, ಡೀಸೆಲ್ ವಾಸನೆ ಎಲ್ಲವನ್ನೂ ದಾಟಿ ಆ ಹೂವಿನ ವಾಸನೆ ಬಂತು. ಅದರ ಹಿಂದೆಯೇ ಆ ಶ್ರಾವಣವೂ ಬಂತು.

ನನ್ನದು ಮೂಗಿನ ಕಸುಬು. ಕಾಫಿ ರುಚಿ ನೋಡಿ, ಇದು ಇಂಥ ದರ್ಜೆಯದು, ಇದರಲ್ಲಿ ಇಂಥ ದೋಷ ಇದೆ ಎಂದು ಬರೆದುಕೊಡುವುದು. ಹುಟ್ಟಿದ್ದು ಆಲೂರಿನ ಪಾಳ್ಯದ ಕಡೆ ಭತ್ತ ರಾಗಿ ಬೆಳೆಯುವ ಮನೆಯಲ್ಲಿ. ಕಾಫಿ ಎಂದರೆ ನೆಂಟರು ಬಂದಾಗ ಮಾಡುವ ಪಾನೀಯ ಅಂತಷ್ಟೇ ಗೊತ್ತಿತ್ತು. ಓದು ಮುಗಿಸಿ ಹಾಸನದ ಒಂದು ಕಾಫಿ ಸಂಸ್ಕರಣ ಘಟಕದ ಲ್ಯಾಬಿಗೆ ಸೇರಿದ ಮೇಲೆ ನನ್ನ ಮೂಗು ಎಷ್ಟು ಚುರುಕು ಅಂತ ನನಗೇ ಗೊತ್ತಾಯಿತು. ಮದುವೆಯಾಗಿ ಆನೇಮಹಲ್‌ಗೆ ಬಂದಮೇಲೂ ಕತ್ತಲಿರುವಾಗಲೇ ಬಸ್ಸು ಹತ್ತಿ, ಕತ್ತಲಾದ ಮೇಲೆ ಇಳಿಯುತ್ತಾ ಕೆಲಸ ಮಾಡಿದೆ. ಮಗಳು ಹುಟ್ಟಿದಳು. ಅವಳು ಮೊದಲು 'ಅಮ್ಮ' ಅಂದಿದ್ದು ಅತ್ತೆಯನ್ನು. ಅವತ್ತು ರಾತ್ರಿ ಅಳುತ್ತಾ ಕೂತಾಗ ಅತ್ತೆಯೇ ಹೇಳಿದರು, "ಅದ್ಯಾಕೆ ಅಳ್ತೀಯೆ? ರೋಡ್ ಕಡೆ ರೂಮು ಖಾಲಿ ಬಿದ್ದೈತೆ. ಆ ಮೂಸೋ ಕೆಲ್ಸನ ಇಲ್ಲೇ ಮಾಡು."

ಅತ್ತೆಯ ಹೆಸರು ಗಿರಿಜಮ್ಮ. ಗಟ್ಟಿ ಗಂಟಲು, ಗಟ್ಟಿ ಕೈ. ಬೆಳಿಗ್ಗೆ ಸ್ನಾನ ಮಾಡಿ ತುರುಬಿಗೆ ಮಲ್ಲಿಗೆ ಮುಡಿಯದೆ ಒಲೆ ಹಚ್ಚಿದವರಲ್ಲ. ಹೂವಿಲ್ಲದ ದಿನ ಹಿತ್ತಲಲ್ಲಿ ಮೊಗ್ಗು ಹುಡುಕಿಯಾದರೂ ಮುಡಿಯುವವರು. ನಮ್ಮ ಮಾವ, ಮಾತು ಕಮ್ಮಿಯ ಮನುಷ್ಯ, ಅದೊಂದು ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿದ್ದರು: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ."

"ಹಿಟ್ಟು ಬೇಯ್ಸೋಳೂ ನಾನೇ, ಹೂವು ಮುಡಿಯೋಳೂ ನಾನೇ, ನಿಮ್ಗೇನು ನಷ್ಟ?" ಎನ್ನುತ್ತಿದ್ದರು ಅತ್ತೆ.

ಕೆಲಸ ಬಿಟ್ಟೆ. ಸಣ್ಣ ಬೆಳೆಗಾರರಿಗೆ ರುಚಿ ನೋಡಿ ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ದೊಡ್ಡ ಎಸ್ಟೇಟಿನವರಿಗೆ ಅವರದೇ ವ್ಯವಸ್ಥೆ ಇತ್ತು. ಎರಡು ಮೂರು ಎಕರೆಯವರು ಮಾತ್ರ ವ್ಯಾಪಾರಿ ಒಂದು ಹಿಡಿ ಬೀಜ ಅಂಗೈಲಿ ಹಾಕಿಕೊಂಡು ಹೇಳಿದ ರೇಟಿಗೆ ತಲೆಯಾಡಿಸಿ ಬರುತ್ತಿದ್ದರು. ಅವರಿಗಾಗಿ ಈ ರೂಮು. ಆದರೆ ಸ್ಯಾಂಪಲ್ ಹುರಿಯುವ ಯಂತ್ರ, ತೇವಾಂಶ ನೋಡುವ ಯಂತ್ರ, ಪುಡಿ ಮಾಡುವ ಯಂತ್ರ ಎಲ್ಲ ಸೇರಿದರೆ ಮೂಗಿಗಿಂತ ಮೂಗುತಿ ಭಾರ. ಸಣ್ಣ ಸೇವಾ ಉದ್ದಿಮೆಗಳಿಗೆ ಸರ್ಕಾರದ ಸಹಾಯಧನ ಇದೆ, ಹೆಂಗಸರಾದರೆ ಇನ್ನೂ ಅನುಕೂಲ ಎಂದು ಯಾರೋ ಹೇಳಿದರು. ಸರಿ, ಹಾಸನದ ಕಚೇರಿಗೆ ಅಲೆದಾಟ ಶುರುವಾಯಿತು.

ಅಲ್ಲಿ ಕೂತವರು ಕೇಳಿದ ಮೊದಲ ಪ್ರಶ್ನೆ, "ಏನು ತಯಾರು ಮಾಡ್ತೀರಿ?"

"ಏನೂ ಮಾಡಲ್ಲ ಸಾರ್, ಕಾಫಿ ರುಚಿ ನೋಡ್ತೀನಿ."

"ಓ, ಕಾಫಿ ಹೋಟ್ಲು!"

ಹೋಟೆಲಲ್ಲ ಅಂತ ತಿಳಿಸುವಷ್ಟರಲ್ಲಿ ಒಂದು ಬೇಸಿಗೆ ಕಳೆಯಿತು. ಬ್ಯಾಂಕಿನಲ್ಲೂ ಅದೇ ಗೋಳು. ಹಿಟ್ಟಿನ ಗಿರಣಿಗೆ ಸಾಲ ಕೊಡುವುದು ಅವರಿಗೆ ಗೊತ್ತು, ಮೂಗಿಗೆ ಸಾಲ ಕೊಡುವುದು ಗೊತ್ತಿಲ್ಲ. ಕೊನೆಗೆ ರೂಮಿಗೆ 'ಕಾಫಿ ಪರೀಕ್ಷಾ ಕೇಂದ್ರ' ಎಂದು ಬೋರ್ಡು ಹಾಕಿದ ಮೇಲೆ ಹೆದ್ದಾರಿಯ ಲಾರಿಯವರೂ ನಿಲ್ಲಿಸಿ, "ಅಕ್ಕ, ಎರಡು ಸ್ಟ್ರಾಂಗ್" ಅನ್ನತೊಡಗಿದರು. ಅತ್ತೆ ಒಬ್ಬರನ್ನೂ ಹಾಗೇ ಕಳಿಸಲಿಲ್ಲ. ಕೂರಿಸಿ ಕಾಫಿ ಕೊಟ್ಟು, ದುಡ್ಡು ಕೊಡಲು ಬಂದರೆ ಬೈದು ಕಳಿಸುತ್ತಿದ್ದರು. "ಪರೀಕ್ಷೆ ಅಂತ ಬೋರ್ಡ್ ಹಾಕಿಲ್ವಾ, ಕುಡ್ದು ಎಂಗೈತೆ ಹೇಳ್ಬುಟ್ ಹೋಗ್ಲಿ" ಅಂತ ನನಗೇ ಸಮಜಾಯಿಷಿ.

ಅಂತೂ ಸಾಲ ಆಯಿತು, ಯಂತ್ರಗಳು ಬಂದವು. ಸಹಾಯಧನ ಬರಬೇಕಾದರೆ ಅಧಿಕಾರಿಯೊಬ್ಬರು ಬಂದು ಕಣ್ಣಾರೆ ನೋಡಿ ಬರೆಯಬೇಕಿತ್ತು. ಅದು ಬಂದರೆ ಸಾಲದ ಕಂತು ನಮ್ಮ ಕೈಗೆಟುಕುತ್ತದೆ, ಬರದಿದ್ದರೆ ಯಂತ್ರ ಮಾರುವುದೇ ದಾರಿ. ಹಾಸನದ ಹಳೆಯ ಮಾಲೀಕರು ಒಳ್ಳೆಯವರು, ಜಾಗ ಹಾಗೇ ಇಟ್ಟಿದ್ದರು. "ದಸರಾದೊಳಗೆ ಹೇಳಮ್ಮ, ಆಮೇಲೆ ಬೇರೆಯವರನ್ನ ನೋಡ್ತೀನಿ" ಅಂದಿದ್ದರು. ಅಂದರೆ ಮತ್ತೆ ಆ ಕತ್ತಲ ಬಸ್ಸು. ಮಗಳಿಗೆ ಆಗ ಮೂರು ತುಂಬಿತ್ತು. ನಾನು ರೂಮಿನಲ್ಲಿ ಕೆಲಸ ಮಾಡುವಾಗ ಹೊಸಿಲ ಮೇಲೆ ಕೂತು ನನ್ನ ಹಾಗೆ ಚಮಚ ಹಿಡಿದು ಸೊರ್ ಅಂತ ನೀರು ಹೀರುತ್ತಿದ್ದಳು. ಅವಳನ್ನು ಬಿಟ್ಟು ಹೋಗುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಆಷಾಢದ ಮಳೆ ಶ್ರಾವಣಕ್ಕೂ ಬಿಡಲಿಲ್ಲ. ಹಾಸನದಿಂದ ಫೋನು ಬಂತು: ಶುಕ್ರವಾರ ಸಾಹೇಬರು ಬರುತ್ತಾರೆ, ಕೆಲಸ ನಡೆಯುತ್ತಿರುವುದನ್ನು ತೋರಿಸಬೇಕು, ಒಬ್ಬ ಗಿರಾಕಿಯೂ ಇರಲಿ. ಹೆಗ್ಗದ್ದೆಯ ಪುಟ್ಟಸ್ವಾಮಣ್ಣನಿಗೆ ಹೇಳಿದೆ. ಮೂರು ಎಕರೆಯ ಬೆಳೆಗಾರ, ನನ್ನ ಮೊದಲ ಗಿರಾಕಿ. ಅವರ ಸ್ಯಾಂಪಲ್ ಹಿಂದಿನ ವಾರವೇ ಬಂದಿತ್ತು. ಅದನ್ನೂ ಇನ್ನಿಬ್ಬರದನ್ನೂ ಸೇರಿಸಿ ಮೂರು ತಟ್ಟೆ ಗುರುವಾರ ಸಂಜೆ ಹುರಿದಿಟ್ಟೆ. ಹುರಿದ ಕಾಫಿ ಒಂದು ರಾತ್ರಿ ಆರಬೇಕು. ಕೊನೆಗೆ ಹುರಿದದ್ದು ಪುಟ್ಟಸ್ವಾಮಣ್ಣನ ತಟ್ಟೆ. ಅದರ ಬೀಜ ನೋಡಿ, ಅರೆ, ಇಷ್ಟು ಚೆನ್ನಾಗಿತ್ತಾ ಅಂತ ಒಂದು ಸಲ ಅನ್ನಿಸಿತು. ಒಂದೇ ಅಳತೆಯ ಬೀಜ, ಒಂದೂ ಒಡಕಿಲ್ಲ, ಒಂದೂ ಕಪ್ಪಿಲ್ಲ. ಕರೆಂಟು ಹೋಗುವುದರೊಳಗೆ ಮುಗಿಸುವ ಆತುರದಲ್ಲಿ ಹೆಚ್ಚು ಯೋಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಾಹೇಬರನ್ನು ಕರೆತರಲು ಬಸ್ ಸ್ಟಾಪಿಗೆ ಹೋದೆ. ಅವರ ಬಸ್ಸು ತಡವಾಯಿತು. ಆ ಹೊತ್ತಿನಲ್ಲಿ ನಮ್ಮ ಅತ್ತೆ ಮಾಡಿದ ಕೆಲಸ ನೆನೆದರೆ ಈಗಲೂ ನಗು ಬರುತ್ತದೆ. ಅವತ್ತು ಮಾತ್ರ ಜೀವವೇ ಹೋಗಿತ್ತು.

ಸಾಹೇಬರ ಜೊತೆ ರೂಮಿನ ಬಾಗಿಲಿಗೆ ಬಂದು ನಿಂತರೆ, ಒಳಗೆ ಏನೂ ಕಾಣಿಸುತ್ತಿಲ್ಲ. ಹೊಗೆ. ಊದಿನಕಡ್ಡಿಯ ಇಡೀ ಕಟ್ಟು ಹಚ್ಚಿಟ್ಟಿದ್ದಾರೆ. ಸಾಲದ್ದಕ್ಕೆ ಕೆಂಡದ ಮೇಲೆ ಸಾಂಬ್ರಾಣಿ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ ರಂಗೋಲಿ ಬಿಟ್ಟಿದ್ದಾರೆ. ಹುರಿಯುವ ಯಂತ್ರಕ್ಕೆ ವಿಭೂತಿ ಪಟ್ಟೆ, ಕುಂಕುಮ, ಮೇಲೆ ಮಾರುದ್ದದ ಮಲ್ಲಿಗೆ. ತೂಕದ ಯಂತ್ರದ ಮುಂದೆ ನಿಂಬೆಹಣ್ಣು. ಪಕ್ಕದ ಮನೆಯಿಂದ ತಂದ ಸೋಫಾ. ಅದರ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು, ತುರುಬು ಕಾಣದಷ್ಟು ಮಲ್ಲಿಗೆ ಮುಡಿದು, ಆರತಿ ತಟ್ಟೆ ಹಿಡಿದು ಅತ್ತೆ. ಮದುಮಗ ಬಂದರೂ ನಮ್ಮ ಕಡೆ ಇಷ್ಟು ಮಾಡುವುದಿಲ್ಲ.

"ಬನ್ನಿ ಸ್ವಾಮಿ, ಬಲಗಾಲಿಟ್ಟು ಬನ್ನಿ."

ನನಗೆ ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. ನೀರು ಹೊಗೆಗೆ ಬಂದದ್ದು ಅಂದುಕೊಂಡಿರಬೇಕು ಸಾಹೇಬರು. ರುಚಿ ನೋಡುವ ರೂಮಿನಲ್ಲಿ ನಾನು ಸೋಪು ಕೂಡ ಇಡುತ್ತಿರಲಿಲ್ಲ. ಆದರೆ ಹೊಸ ಕಸುಬಿನ ಕಟ್ಟೆಗೆ ಮೊದಲ ಸಲ ದೊಡ್ಡವರು ಬರುವಾಗ ಧೂಪ ಹಾಕದೆ ಬರಮಾಡಿಕೊಳ್ಳುವುದು ಅತ್ತೆಗೆ ಗೊತ್ತೇ ಇಲ್ಲ. ಯಾರನ್ನು ಬೈಯುವುದು?

ಸಾಹೇಬರು ನಿವೃತ್ತಿ ಹತ್ತಿರದವರು, ಅರಸೀಕೆರೆ ಕಡೆಯವರು. ಸೋಫಾದಲ್ಲಿ ಕೂತು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಹೇಳಿದರು, "ನೋಡಮ್ಮ, ಹಿಟ್ಟಿನ ಗಿರಣಿಯಾದ್ರೆ ಹಿಟ್ಟು ನೋಡಿ ಬರೀತೀನಿ. ಟೈಲರ್ ಆದ್ರೆ ಬಟ್ಟೆ ನೋಡ್ತೀನಿ. ನಿಮ್ದು ಮೂಗಲ್ಲಿರೋ ಕೆಲಸ. ನಾನು ಏನು ನೋಡಿ ಬರೀಲಿ? ಯಂತ್ರ ತಂದಿಟ್ಟು ಬೋರ್ಡ್ ಹಾಕಿದೋರು ಬೇಕಾದಷ್ಟು ಜನ ಇದ್ದಾರೆ. ನಂಗೆ ಕೆಲಸ ಮಾಡಿ ತೋರಿಸಿ."

ಪುಟ್ಟಸ್ವಾಮಣ್ಣ ಮೂಲೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಸುಮ್ಮನೆ ಮೂರು ಲೋಟ ಇಟ್ಟು, ಹೀರಿ, ಇದರಲ್ಲಿ ಚಾಕಲೇಟಿನ ರುಚಿ, ಇದರಲ್ಲಿ ನಿಂಬೆ, ಇದು ಒಳ್ಳೆಯದು ಎಂದು ಹೇಳಿಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಒಂದು ಗಳಿಗೆ ಹಾಗೆ ಮಾಡೋಣ ಅಂತಲೇ ಇದ್ದೆ. ಆದರೆ ಮೂಗಿನ ಕಸುಬಿನವಳು ಮೂಗು ಕೆಲಸ ಮಾಡದಾಗ ಬಾಯಿ ಆಡಿಸಿದರೆ ಮಾರನೆಯ ದಿನದಿಂದ ಆ ಬಾಯಿಗೆ ಬೆಲೆ ಇಲ್ಲ.

"ಸಾರ್, ಈ ರೂಮಲ್ಲಿ ಇವತ್ತು ಆಗಲ್ಲ. ಧೂಪದ ಘಾಟಲ್ಲಿ ಕಾಫಿ ವಾಸನೆ ಸಿಗಲ್ಲ. ಹಿತ್ತಲಿಗೆ ಬರ್ತೀರಾ? ಮಳೆ ಇದೆ."

ಅವರು ನನ್ನನ್ನೂ ಹೊರಗಿನ ಸೋನೆಯನ್ನೂ ನೋಡಿದರು. "ಕೊಡೆ ಇದೆಯೇನಮ್ಮ?" ಅಂದರು.

ಪುಟ್ಟಸ್ವಾಮಣ್ಣ ಮತ್ತು ನಾನು ಮೇಜು ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟೆವು. ಎದುರಿಗೆ ಗದ್ದೆ, ಅದರಾಚೆ ಮಂಜು. ಮಳೆ ತೊಳೆದ ಗಾಳಿಗಿಂತ ಚೊಕ್ಕ ಗಾಳಿ ಯಾವ ಲ್ಯಾಬಿನಲ್ಲೂ ಇಲ್ಲ. ಮೂರರ ಪುಡಿಯನ್ನೂ ಲೋಟಗಳಿಗೆ ಹಾಕಿ ಬಿಸಿನೀರು ಹೊಯ್ದೆ. ಯಾವುದು ಯಾರದ್ದು ಎಂದು ತಿಳಿಯಬಾರದೆಂದು ಸಾಹೇಬರೇ ಲೋಟಗಳ ಅಡಿಗೆ ಹೆಸರಿನ ಚೀಟಿ ಇಟ್ಟು ಆಚೀಚೆ ಮಾಡಿದರು. ಕೆನೆಯಂತೆ ಕಟ್ಟಿದ ಪುಡಿಯನ್ನು ಚಮಚದಲ್ಲಿ ಸರಿಸಿ ಮೂಗು ಬಗ್ಗಿಸಿದರೆ, ಬಂದದ್ದು ಮಲ್ಲಿಗೆ. ಮತ್ತೆ ಮೂಸಿದೆ. ಮತ್ತೆ ಮಲ್ಲಿಗೆ. ತಲೆ ಎತ್ತಿ ನೋಡಿದರೆ ಲೋಟಗಳ ಮೇಲೆ ಕೊಡೆ ಹಿಡಿದು ನಿಂತಿರುವವರು ಅತ್ತೆ. ರೇಷ್ಮೆ ಸೀರೆಯ ಬೆನ್ನೆಲ್ಲ ನೆನೆಯುತ್ತಿದೆ, ಕೊಡೆ ಮಾತ್ರ ಲೋಟದ ಮೇಲಿಂದ ಕದಲಿಲ್ಲ.

ಮುತ್ತೈದೆಗೆ ಶ್ರಾವಣ ಶುಕ್ರವಾರದ ದಿನ ಹೂವು ತೆಗೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಅತ್ತೆ ನನ್ನ ಮುಖ ನೋಡಿದರು, ಲೋಟ ನೋಡಿದರು. ಕೊಡೆಯನ್ನು ಪುಟ್ಟಸ್ವಾಮಣ್ಣನ ಕೈಗೆ ಕೊಟ್ಟರು. ಎರಡೂ ಕೈ ಹಿಂದಕ್ಕೆ ಹಾಕಿ ತುರುಬಿನ ಮಲ್ಲಿಗೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ದೂರದ ತುಳಸಿ ಕಟ್ಟೆಯ ಮೇಲಿಟ್ಟು ಬಂದರು.

"ಅಯ್ಯೋ ಗಿರಿಜಕ್ಕ, ಇವತ್ತು ಶುಕ್ರವಾರ ಕಣಕ್ಕ" ಅಂದರು ಪುಟ್ಟಸ್ವಾಮಣ್ಣ.

"ಸುಮ್ಕಿರಪ್ಪ ನೀನು. ಕೊಡೆ ಕೊಡಿಲ್ಲಿ."

ಆಮೇಲೆ ಕಾಫಿ ಸಿಕ್ಕಿತು. ಮೊದಲನೆಯದು ಚೊಕ್ಕ, ಸ್ವಲ್ಪ ಹುಳಿ. ಎರಡನೆಯದಕ್ಕೆ ಒಣಗಿಸುವಾಗ ತೇವ ತಗುಲಿದೆ. ಮೂರನೆಯದನ್ನು ಹೀರಿದವಳು ಉಗುಳಿ, ಮತ್ತೊಂದು ಸಲ ಹೀರಿದೆ. ಬೀಜ ಒಳ್ಳೆಯದು, ಆದರೆ ನಾಲಿಗೆಯ ಹಿಂದೆ ಮಸಿ.

"ಇದು ಹೊಗೆ ಕುಡಿದಿದೆ ಸಾರ್. ಯಾರೋ ಸೌದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದಾರೆ. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ. ಇದನ್ನ ನಾನು ಪಾಸು ಮಾಡಲ್ಲ."

ಸಾಹೇಬರು ಲೋಟದಡಿಯ ಚೀಟಿ ತೆಗೆದು ಪುಟ್ಟಸ್ವಾಮಣ್ಣನ ಹೆಸರು ಓದಿದರು. ಪುಟ್ಟಸ್ವಾಮಣ್ಣನ ಮುಖ ಕೆಂಪಗಾಯಿತು.

"ಇದೇನಮ್ಮ ಹಿಂಗಂತೀಯ? ನಮ್ದು ಆರ್‌ಸಿಸಿ ಮನೆ, ಅಟ್ಟ ಎಲ್ಲೈತೆ? ಒಲೆ ತೆಗ್ದು ಗ್ಯಾಸ್ ಇಟ್ಟು ಎಷ್ಟೋ ವರ್ಷ ಆಗೋಯ್ತು!"

ಮುಗಿಯಿತು ಅಂದುಕೊಂಡೆ. ಹಾಸನದ ಬಸ್ಸು ಕಣ್ಣ ಮುಂದೆ ಬಂದು ನಿಂತೇಬಿಟ್ಟಿತು. ಆದರೂ ನಾಲಿಗೆಯ ಮೇಲೆ ಮಸಿ ಹಾಗೇ ಇತ್ತು. "ಅದೆಲ್ಲ ಗೊತ್ತಿಲ್ಲ ಪುಟ್ಟಸ್ವಾಮಣ್ಣ. ಇದು ಅಟ್ಟದ ಕಾಫಿಯೇ" ಅಂದೆ.

ಕೊಡೆ ಅಲ್ಲಾಡಿತು. ಒಂದು ಹನಿ ಲೋಟಕ್ಕೆ ಬಿತ್ತು.

"ಅಟ್ಟ ಅಂತ ಎಂಗ್ ಗೊತ್ತಾಯ್ತೇ ನಿಂಗೆ?" ಅಂದರು ಅತ್ತೆ.

ಆಮೇಲೆ ಎಲ್ಲ ಹೊರಗೆ ಬಂತು. ಪುಟ್ಟಸ್ವಾಮಣ್ಣನ ಸ್ಯಾಂಪಲ್ಲು ಸಣ್ಣದಾಗಿ, ಕಪ್ಪು ಕಪ್ಪಾಗಿ, ನೋಡಲು ಚೆನ್ನಾಗಿರಲಿಲ್ಲವಂತೆ. ಸಾಹೇಬರು ಬಂದಾಗ ಅಂಥ ಬೀಜ ತೋರಿಸಿದರೆ ಮನೆ ಮರ್ಯಾದೆ ಹೋಗುತ್ತದೆ ಎಂದು ಅತ್ತೆ ಅದನ್ನು ಡಬ್ಬಿಗೆ ಸುರಿದು, ತಟ್ಟೆಗೆ ತಮ್ಮ ಹಿತ್ತಲ ಗಿಡಗಳ ಕಾಫಿ ತುಂಬಿದ್ದರು. ಮೊರದಲ್ಲಿ ಹಾಕಿಕೊಂಡು ವಾರವಿಡೀ ಒಂದೊಂದೇ ಬೀಜ ಆರಿಸಿದ್ದು. ನೆಂಟರಿಗೆ, ಲಾರಿಯವರಿಗೆ, ನನಗೆ, ಎಲ್ಲರಿಗೂ ಕುಡಿಸಿದ್ದೂ ಅದೇ ಕಾಫಿ; ಹಾಲು ಸಕ್ಕರೆಯಲ್ಲಿ ಆ ಮಸಿ ನನ್ನ ಮೂಗಿಗೂ ಸಿಕ್ಕಿರಲಿಲ್ಲ. ಮಳೆಗಾಲದಲ್ಲಿ ಮುಗ್ಗಲು ಹಿಡಿಯಬಾರದೆಂದು ಅವರ ಅತ್ತೆಯ ಕಾಲದಿಂದ ಅಟ್ಟದಲ್ಲೇ ಇಡುತ್ತಿದ್ದರು.

ಸಾಹೇಬರು ತುಂಬ ಹೊತ್ತು ನಕ್ಕರು. ನಗು ಮುಗಿಸಿ, "ಅಮ್ಮ, ಸೊಸೆ ನಿಮ್ಮ ಕಾಫೀನೇ ಫೇಲ್ ಮಾಡಿದ್ಲಲ್ಲ" ಅಂದರು.

"ಮಾಡ್ಲಿ ಬುಡಿ ಸ್ವಾಮಿ. ಅದೇ ಅಲ್ವಾ ಅವ್ಳ ಕಸುಬು?" ಅಂದರು ಅತ್ತೆ. ಮುಖದ ಮೇಲೆ ಮಳೆ ನೀರಿತ್ತು. "ನೀವು ಬರ್ಕೊಳಿ."

ಅವರು ಅಲ್ಲೇ ಕಲ್ಲಿನ ಮೇಲೆ ಹಾಳೆ ಇಟ್ಟು, ಕೊಡೆಯಡಿ ಬರೆದುಕೊಂಡರು. ಹೋಗುವಾಗ ಅತ್ತೆಯ ಕೈಯಲ್ಲೇ ಒಂದು ಲೋಟ ಹಾಲು ಸಕ್ಕರೆ ಹಾಕಿದ ಹೊಗೆ ಕಾಫಿ ಕೇಳಿ ಕುಡಿದರು. "ನನ್ನ ಮೂಗಿಗೆ ಇದು ಪಾಸು" ಅಂದರು.

ಅವತ್ತು ಸಂಜೆ ಅತ್ತೆ ಒಲೆಯ ಮುಂದೆ ಕೂತಿದ್ದರು. ನಾನು ಹೋಗಿ ಪಕ್ಕ ಕೂತೆ.

"ಇಷ್ಟು ವರ್ಷ ಬಂದೋರಿಗೆಲ್ಲ ಮಸಿ ನೀರು ಕುಡ್ಸಿದ್ನೇನೇ ಸುಮಾ?"

"ಯಾರಾದ್ರೂ ಲೋಟದಲ್ಲಿ ಉಳಿಸಿದ್ದು ನೋಡಿದ್ದೀರಾ ಅತ್ತೆ?" ಅಂದೆ. "ರೇಟು ಕಟ್ಟೋಕೆ ಅದು ದೋಷ. ಕುಡಿಯೋಕೆ ಅದೇ ನಮ್ಮನೆ ರುಚಿ." ಅವರು ನನ್ನ ತಲೆಯನ್ನು ಎಳೆದು ಮಡಿಲಿಗೆ ಒರಗಿಸಿಕೊಂಡರು. ಅವರ ಸೀರೆಯಲ್ಲಿ ಸಾಂಬ್ರಾಣಿಯೂ ಸೌದೆ ಹೊಗೆಯೂ ಇತ್ತು.

ದಸರಾದೊಳಗೆ ಸಹಾಯಧನ ಬ್ಯಾಂಕಿಗೆ ಬಂತು. ಹಾಸನದ ಮಾಲೀಕರಿಗೆ ಬರುವುದಿಲ್ಲ ಎಂದು ಫೋನು ಮಾಡಿದೆ. ರೂಮು ಉಳಿಯಿತು. ಹೊಸಿಲ ಮೇಲೆ ಕೂತು ನೀರು ಹೀರುತ್ತಿದ್ದ ಮಗಳು ಈಗ ಹೈಸ್ಕೂಲು. ಬಾಗಿಲಲ್ಲಿ ಅತ್ತೆಯ ಕಾವಲು. ಸೆಂಟು ಹಾಕಿಕೊಂಡು ಬಂದ ವ್ಯಾಪಾರಿಗಳನ್ನು, "ಅಲ್ಲೇ ನಿಂತು ಮಾತಾಡಿ, ನಮ್ಮ ಸೊಸೆ ಮೂಗಿಗೆ ಸರ್ಕಾರ ದುಡ್ಡು ಕೊಟ್ಟೈತೆ" ಎಂದು ಗದರಿಸುವುದನ್ನು ಕೇಳಿ ನಾವೆಲ್ಲ ನಗುತ್ತಿದ್ದೆವು. ಅವರ ತುರುಬಿನಲ್ಲಿ ಯಾವಾಗಲೂ ಕನಕಾಂಬರ. ಆ ಬಣ್ಣ ಅವರಿಗೆ ಒಪ್ಪುತ್ತದೆ ಅಂದುಕೊಂಡಿದ್ದೆ. ಅಷ್ಟೇ ನಾನು ಅಂದುಕೊಂಡದ್ದು.

ಮೊನ್ನೆ ಲಕ್ಷ್ಮಮ್ಮ ಹೇಳಿದ್ದು ಇದು: "ಕನಕಾಂಬರಕ್ಕೆ ವಾಸ್ನೆ ಇಲ್ವಲ್ಲಕ್ಕ. ಸೊಸೆ ಕೆಲ್ಸಕ್ಕೆ ಅಡ್ಡ ಬರಲ್ಲ, ಅದ್ನೇ ಕೊಡು ಅಂತಾರೆ ನಿಮ್ಮತ್ತೆ. ಆದ್ರೆ ಬಂದಾಗೆಲ್ಲ ಒಂದು ಮಲ್ಲಿಗೆ ಮೊಗ್ಗು ಎತ್ತಿ ಮೂಸಿ, ಬುಟ್ಟಿಗೇ ವಾಪಸ್ ಹಾಕಿ ಹೋಯ್ತಾರೆ."

ಆನೇಮಹಲ್‌ನಲ್ಲಿ ಇಳಿದು ನೇರ ರೂಮಿಗೆ ಹೋಗಿ ಬೀಗ ಹಾಕಿದೆ. ಅತ್ತೆ ಜಗುಲಿಯಲ್ಲಿ ಅಲಸಂದೆಕಾಳು ಬಿಡಿಸುತ್ತಿದ್ದರು. ನಾನು ಹತ್ತಿರ ಬರುವಷ್ಟರಲ್ಲೇ ಮೂಗೆತ್ತಿದರು.

"ಏಯ್, ಮಲ್ಲಿಗೆ ತಂದ್ಯಾ? ಒಳಗೆ ಸ್ಯಾಂಪಲ್ ಐತೆ ಕಣೇ, ಆಚೆ ಇಡು ಆಚೆ ಇಡು!"

"ಇವತ್ತು ರೂಮಿಗೆ ರಜೆ ಅತ್ತೆ. ಇನ್ಮೇಲೆ ಎಲ್ಲ ಶುಕ್ರವಾರನೂ ರಜೆ." ಹಿಂದೆ ಕೂತು ಕನಕಾಂಬರ ತೆಗೆದು ಮಲ್ಲಿಗೆ ಮುಡಿಸಿದೆ. ತುರುಬು ಈಗ ಸಣ್ಣದು, ಪೂರ್ತಿ ಬೆಳ್ಳಗೆ. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಅವರು ಕಾಳು ಬಿಡಿಸುವುದು ನಿಲ್ಲಿಸಿದರು. ಆಮೇಲೆ ಕೈ ಹಿಂದಕ್ಕೆ ಹಾಕಿ, ಹೂವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಅಳತೆ ನೋಡಿದರು.

"ಒಂದೇ ಮೊಳ ತಂದಿದ್ದೀಯಲ್ಲೇ" ಅಂದರು. "ಇಷ್ಟು ವರ್ಷದ್ದಕ್ಕೆ ಸಾಕಾಯ್ತದಾ?"